ಓರೆ ಎತ್ತರ

"ಗುರುಗಳೇ, ಪಾಠದಲ್ಲಿ ತಪ್ಪಾದರೆ ಮರುದಿನ ಸರಿಯಾದದ್ದನ್ನು ಕಲಿಸಿದರೆ ಸಾಲದೇ? ತಪ್ಪಾಯಿತೆಂದು ಮಕ್ಕಳ ಮುಂದೆ ಬಾಯಿ ಬಿಟ್ಟು ಹೇಳಲೂ ಬೇಕೇ?"

ಕೇಳಿದವನು ಹೊಸದಾಗಿ ಶಾಲೆಗೆ ಸೇರಿ ಪಾಠ ಮಾಡುತ್ತಿದ್ದ ಶಿಷ್ಯ. ಗುರು ಉತ್ತರವಾಗಿ ಒಂದು ಕತೆ ಹೇಳಿದರು.

ಒಂದು ಹೈಸ್ಕೂಲಿನಲ್ಲಿ ಒಬ್ಬ ಗಣಿತದ ಮೇಷ್ಟರಿದ್ದರು. ಘನಾಕೃತಿಗಳ ಪಾಠ ನಡೆಯುತ್ತಿತ್ತು. ಎರಡರ ಬಾಯಿಯ ಅಗಲವೂ ಎತ್ತರವೂ ಒಂದೇ ಆಗಿದ್ದರೆ, ಒಂದು ಸಿಲಿಂಡರ್ ತುಂಬಲು ಮೂರು ಶಂಕು ಅಕ್ಕಿ ಬೇಕು. ಇದನ್ನು ಕಪ್ಪು ಹಲಗೆಯ ಮೇಲೆ ಬರೆದರೆ ಮಕ್ಕಳು ಬಾಯಿಪಾಠ ಮಾಡುತ್ತಾರೆ, ನಂಬುವುದಿಲ್ಲ. ಕಣ್ಣಾರೆ ನೋಡಲಿ ಎಂದು ಮೇಷ್ಟರು ಒಂದು ತಗಡಿನ ಡಬ್ಬಿ ತಂದರು. ಡಬ್ಬಿಯ ಎತ್ತರವನ್ನು ಸ್ಕೇಲಿನಿಂದ ಅಳೆದರು. ಅದೇ ಅಳತೆಯನ್ನು ದಪ್ಪ ಹಾಳೆಯ ಮೇಲೆ ಗುರುತು ಮಾಡಿ ಕತ್ತರಿಸಿ, ಡಬ್ಬಿಯ ಬಾಯಿಗೆ ಸರಿಹೊಂದುವಂತೆ ಸುತ್ತಿ ಶಂಕು ಮಾಡಿದರು. ಬಿಸಿಯೂಟದ ಅಡುಗೆಯವರಿಂದ ಅಕ್ಕಿ ಕೇಳಿ ತಂದರು.

"ಮಾದೇವಿ, ಬಾರಮ್ಮ, ನೀನು ಸುರಿ" ಎಂದರು.

ಮಾದೇವಿ ಎಂಬ ಹುಡುಗಿ ಎದ್ದು ಬಂದಳು. ಶಂಕುವನ್ನು ಬಾಯಿಮಟ್ಟ ತುಂಬಿದಳು. ಒಂದು ಕಾಳೂ ಚೆಲ್ಲದಿರಲಿ ಎಂದು ಅಂಗೈ ಅಡ್ಡ ಹಿಡಿದು ಡಬ್ಬಿಗೆ ಸುರಿದಳು. ಹೀಗೆ ಮೂರು ಸಲ ಸುರಿದಳು. ಡಬ್ಬಿ ತುಂಬಲಿಲ್ಲ. ಅಕ್ಕಿ ಅಂಚಿಗಿಂತ ಒಂದು ಬೆರಳು ಕೆಳಗೆ ನಿಂತಿತು. ಸುಮಾರು ಒಂದು ಹಿಡಿ ಅಕ್ಕಿ ಕಡಿಮೆ.

ಮೇಷ್ಟರು ನೆಲ ನೋಡಿದರು. ಅಲ್ಲಿ ಏನೂ ಚೆಲ್ಲಿರಲಿಲ್ಲ. ಆಮೇಲೆ ಹುಡುಗಿಯನ್ನು ನೋಡಿದರು.

"ಉಳಿದ ಅಕ್ಕಿ ಎಲ್ಲಿ ಹೋಯ್ತಮ್ಮ?"

"ಇದ್ದದ್ದೇ ಇಷ್ಟು ಸರ್."

"ಕೈ ಅಡ್ಡ ಹಿಡಿದಿದ್ದಳು ಸರ್, ಬಾಯಿಗೆ ಹಾಕಿಕೊಂಡಿದ್ದಾಳೆ" ಎಂದು ಹಿಂದಿನ ಬೆಂಚಿನ ಹುಡುಗ ಹೇಳಿದ. "ಹಸಿ ಅಕ್ಕಿ ತಿಂದಳಲ್ಲ, ಇವಳ ಮದುವೆಗೆ ಮಳೆ ಗ್ಯಾರಂಟಿ."

ತರಗತಿಯೆಲ್ಲ ನಕ್ಕಿತು. ಮೇಷ್ಟರಿಗೂ ನಗು ಬಂತು. "ಎಲ್ಲಿ, ಬಾಯಿ ತೆಗಿ ನೋಡೋಣ" ಎಂದರು. ಹುಡುಗಿ ಎಲ್ಲರ ಮುಂದೆ ಬಾಯಿ ತೆರೆದಳು. ಬಾಯಲ್ಲಿ ಏನೂ ಇರಲಿಲ್ಲ.

"ಆಗಲೇ ನುಂಗಿದ್ದಾಳೆ ಸರ್" ಎಂದ ಅದೇ ಹುಡುಗ.

"ಹೋಗಿ ಕೂತ್ಕೊ" ಎಂದರು ಮೇಷ್ಟರು.

ಸಂಜೆ ಮಕ್ಕಳು ಹೋದ ಮೇಲೆ ಅವರು ಶಂಕುವನ್ನು ಮೇಜಿನ ಮೇಲೆ ಬೋರಲು ಹಾಕಿ, ಪಕ್ಕದಲ್ಲಿ ಡಬ್ಬಿಯನ್ನು ಇಟ್ಟರು. ಶಂಕುವಿನ ತುದಿ ಡಬ್ಬಿಗಿಂತ ಒಂದು ಬೆರಳು ಕೆಳಗಿತ್ತು. ಅಕ್ಕಿ ನಿಂತಿದ್ದದ್ದೂ ಅದೇ ಮಟ್ಟದಲ್ಲಿ. ಹಾಳೆಯ ಮೇಲೆ ಅವರು ಗುರುತು ಮಾಡಿದ್ದು ತುದಿಯಿಂದ ಅಂಚಿಗೆ ಇಳಿಯುವ ಓರೆ ಎತ್ತರ. ನೇರ ಎತ್ತರ ಅದಕ್ಕಿಂತ ಯಾವಾಗಲೂ ಕಡಿಮೆ. ಇವೆರಡನ್ನು ಬೆರೆಸಬೇಡಿ ಎಂದು ಅವರು ಪ್ರತಿ ವರ್ಷ ಮಕ್ಕಳಿಗೆ ಹೇಳುತ್ತಿದ್ದರು. ಹುಡುಗಿ ಒಂದು ಕಾಳನ್ನೂ ಕಳೆದಿರಲಿಲ್ಲ.

ಮೇಷ್ಟರಿಗೆ ಖಾಲಿ ಬೆಂಚುಗಳ ಎದುರಿಗೂ ತಲೆ ಎತ್ತಲಾಗಲಿಲ್ಲ. ನಾಳೆ ಎಲ್ಲವನ್ನೂ ಸರಿಮಾಡುತ್ತೇನೆ ಎಂದುಕೊಂಡರು. ನೇರ ಎತ್ತರ ಡಬ್ಬಿಯಷ್ಟೇ ಆಗುವಂತೆ ಲೆಕ್ಕ ಹಾಕಿ ಹೊಸ ಶಂಕು ಮಾಡಿದರು.

ಮರುದಿನ ಮಾದೇವಿಯನ್ನು ಕರೆಯಲಿಲ್ಲ. ಅವಳನ್ನು ಮತ್ತೆ ಎಲ್ಲರ ಮುಂದೆ ನಿಲ್ಲಿಸುವುದು ಬೇಡವೆಂದು ಅವರಿಗೆ ಅನಿಸಿತು. ಬೇರೊಬ್ಬ ಹುಡುಗಿ ಬಂದು ಸುರಿದಳು. ಮೂರನೆಯ ಸಲಕ್ಕೆ ಅಕ್ಕಿ ಡಬ್ಬಿಯ ಅಂಚಿಗೆ ಸರಿಯಾಗಿ ಬಂದು ನಿಂತಿತು. ಮಕ್ಕಳು ಚಪ್ಪಾಳೆ ತಟ್ಟಿ ಸೂತ್ರ ಬರೆದುಕೊಂಡರು. ಶಂಕು ಬದಲಾದದ್ದು ಯಾರ ಗಮನಕ್ಕೂ ಬರಲಿಲ್ಲ. ಮೇಷ್ಟರೂ ಹೇಳಲಿಲ್ಲ.

"ಕೈ ಬದಲಾಯ್ತು, ಅಕ್ಕಿ ಸರಿಹೋಯ್ತು" ಎಂದ ಹಿಂದಿನ ಬೆಂಚಿನ ಹುಡುಗ. ಈ ಸಲ ಯಾರೂ ನಗಲಿಲ್ಲ. ಎಲ್ಲರೂ ತಿರುಗಿ ಮಾದೇವಿಯನ್ನು ನೋಡಿದರು.

ಅಂದಿನಿಂದ ಅವಳು ಮಧ್ಯಾಹ್ನದ ಊಟದಲ್ಲಿ ಎರಡನೆಯ ಸಲ ಅನ್ನ ಹಾಕಿಸಿಕೊಳ್ಳಲಿಲ್ಲ. ಮೇಷ್ಟರು ಅದನ್ನು ಕಂಡರು. ಒಂದು ದಿನ ಅವಳು ನಲ್ಲಿಯ ಹತ್ತಿರ ತಟ್ಟೆ ತೊಳೆಯುತ್ತಿದ್ದಾಗ, ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು ಬಳಿಗೆ ಹೋದರು.

"ನೀನು ಅಕ್ಕಿ ತೆಗೆದಿಲ್ಲ ಅಂತ ನನಗೆ ಗೊತ್ತಮ್ಮ."

"ಅದು ನನಗೂ ಗೊತ್ತು ಸರ್" ಎಂದು ಹುಡುಗಿ ತಟ್ಟೆಯ ನೀರು ಬಸಿದು ಹೊರಟುಹೋದಳು.

ಗುರು ಕತೆ ನಿಲ್ಲಿಸಿದರು. ಶಿಷ್ಯ ಕೇಳಿದ: "ಆದರೂ ಗುರುಗಳೇ, ಎರಡನೆಯ ದಿನದ ಪಾಠದಲ್ಲಿ ಸುಳ್ಳೇನೂ ಇರಲಿಲ್ಲವಲ್ಲ?"

"ಇರಲಿಲ್ಲ" ಎಂದರು ಗುರು. "ಮೊದಲ ದಿನ ಅವಳ ಮೇಲೆ ಇದ್ದದ್ದು ಅನುಮಾನ, ಅವಳು ಕಳ್ಳಿ ಎಂದು ಸಾಬೀತಾದದ್ದು ಆ ಸರಿಯಾದ ಪಾಠದಿಂದ."