ಕಸದ ಗಾಡಿಯಲ್ಲಿ ಬಂದ ಮದುಮಗ

ಹಿರೇಬಾವಿ ಎಂಬ ಪಟ್ಟಣದಲ್ಲಿ ಕಸ್ತೂರಿ ಎಂಬ ಹುಡುಗಿ ಇದ್ದಳು. ಅವಳು ಪುರಸಭೆಯ ಕಸದ ಗಾಡಿ ಓಡಿಸುತ್ತಿದ್ದಳು.

ದಿನಾ ಬೆಳಿಗ್ಗೆ ಊರು ಆಕಳಿಸುತ್ತಿರುವಾಗಲೇ ಅವಳ ಗಾಡಿ ಓಣಿಯೊಳಗೆ ಬರುತ್ತಿತ್ತು. ಜೊತೆಗೆ ಮಾಬೂಬಿ ಎಂಬ ಹೆಂಗಸು ಇರುತ್ತಿದ್ದಳು. ಕಸ್ತೂರಿ ಗಾಡಿ ನಿಲ್ಲಿಸುವಳು, ಮಾಬೂಬಿ ಮನೆಮನೆಯ ಬುಟ್ಟಿ ಇಸಿದುಕೊಂಡು ಹಸಿ ಕಸ ಒಂದು ಕಡೆ, ಒಣ ಕಸ ಒಂದು ಕಡೆ ಸುರಿಯುವಳು. ಇಬ್ಬರೂ ಮಾತು, ನಗು, ಚೇಷ್ಟೆಯಲ್ಲಿ ಊರೆಲ್ಲ ಸುತ್ತಿ ಬರುತ್ತಿದ್ದರು.

ಒಮ್ಮೆ ಕಟ್ಟೆಯ ಮೇಲೆ ಕುಳಿತ ಒಬ್ಬ ಗೇಲಿ ಮಾಡಿದ. “ಏನವ್ವಾ, ಹೆಸರು ನೋಡಿದ್ರ ಕಸ್ತೂರಿ, ಹೊರೂದು ನೋಡಿದ್ರ ಕಸ!”

ಕಸ್ತೂರಿ ಗಾಡಿಯಿಂದ ತಲೆ ಹೊರಗೆ ಹಾಕಿ ಹೇಳಿದಳು. “ಹೆಸರು ಬಿಡಿಸಿ ಓದ್ರಿ ಅಣ್ಣಾ. ಕಸ ತೂರಿದಾಕಿನ ಕಸ್ತೂರಿ!”

ಕಟ್ಟೆಯ ಮೇಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಗೇಲಿ ಮಾಡಿದವನೂ ನಕ್ಕ.

ಕಸ್ತೂರಿಗೆ ತನ್ನ ಕೆಲಸದ ಬಗ್ಗೆ ನಾಚಿಕೆ ಇರಲಿಲ್ಲ. ಆದರೆ ಅವಳ ಸೋದರಮಾವ ನಿಂಗರಾಜನಿಗೆ ಇತ್ತು. ಅವನು ಕೆಟ್ಟವನಲ್ಲ. ಕಸ್ತೂರಿಯ ತಂದೆ ತೀರಿಕೊಂಡ ಮೇಲೆ ಅಕ್ಕನನ್ನೂ ಸೊಸೆಯನ್ನೂ ತನ್ನ ಮನೆಗೆ ಕರೆತಂದು ಸಾಕಿದವನು ಅವನೇ. ಪೇಟೆಯಲ್ಲಿ ಅವನದೊಂದು ಅರಿವೆ ಅಂಗಡಿ ಇತ್ತು. ಸೊಸೆಯ ಗಾಡಿ ಅಂಗಡಿಯ ಮುಂದೆ ಬಂದಾಗ ಮಾತ್ರ ಅವನು ಏನಾದರೂ ನೆಪ ಮಾಡಿ ಒಳಗೆ ಹೋಗಿಬಿಡುತ್ತಿದ್ದ.

ಕಸ್ತೂರಿಗೆ ವರ ಹುಡುಕಿದವನೂ ಅವನೇ. ಹುಡುಗನ ಹೆಸರು ಗುರುಪಾದ. ಪಕ್ಕದ ಊರಿನಲ್ಲಿ ನೀರಿನ ಪಂಪಿನ ಮೋಟಾರು ರಿಪೇರಿ ಮಾಡುತ್ತಿದ್ದ. ಕನ್ಯೆ ನೋಡಲು ಬಂದಾಗ ಅವನ ತಾಯಿ ದ್ಯಾಮವ್ವ, “ಹುಡುಗಿ ಏನ್ ಮಾಡ್ತಾಳ್ರಿ?” ಎಂದು ಕೇಳಿದಳು.

“ಪುರಸಭೆಯೊಳಗ ನೌಕರಿ ಐತ್ರಿ,” ಎಂದ ನಿಂಗರಾಜ. ಅಷ್ಟಕ್ಕೇ ನಿಲ್ಲಿಸಿದ.

ದ್ಯಾಮವ್ವನ ಕಣ್ಣಮುಂದೆ ಒಂದು ಮೇಜು, ಒಂದು ಕುರ್ಚಿ, ತಲೆಯ ಮೇಲೊಂದು ಫ್ಯಾನು ಬಂದು ನಿಂತವು. ಅವಳು ಸಂತೋಷದಿಂದ ತಲೆಯಾಡಿಸಿದಳು. ಕಸ್ತೂರಿ ಬಾಯಿ ತೆರೆಯಬೇಕೆನ್ನುವಷ್ಟರಲ್ಲಿ ಮಾವ ಕಣ್ಣಲ್ಲೇ ಬೇಡವೆಂದ. ಅವಳು ಸುಮ್ಮನಾದಳು.

ಆದರೆ ಮನಸ್ಸು ತಡೆಯಲಿಲ್ಲ. ಮಾರನೆಯ ದಿನವೇ ಗುರುಪಾದನಿಗೆ ಫೋನು ಮಾಡಿ ಇದ್ದದ್ದನ್ನು ಇದ್ದಂತೆ ಹೇಳಿದಳು.

ಅವನು ಕೇಳಿದ. “ನಾ ದಿನಾ ಮೈತುಂಬ ಗ್ರೀಸು ಹಚ್ಕೊಂಡು ಮನೀಗೆ ಬರ್ತೀನಿ. ನಿನಗ ನಾಚಿಕಿ ಆಗ್ತದೇನು?”

“ಅದ್ರಾಗ ಏನ್ ನಾಚಿಕಿ? ತೊಳಕೊಂಡ್ರ ಆತು.”

“ಹಂಗಾದ್ರ ನನಗ ಯಾಕ ಆಗಬೇಕು? ಚಿಂತಿ ಬಿಡು. ಅವ್ವಗ ನಾನ ಹೇಳ್ತೀನಿ.”

ಗುರುಪಾದ ಒಳ್ಳೆಯ ಹುಡುಗ. ಆದರೆ ಇವತ್ತು ಹೇಳೋಣ, ನಾಳೆ ಹೇಳೋಣ ಎನ್ನುತ್ತ ದಿನ ತಳ್ಳಿದ. ತಾಯಿಯ ಮುಂದೆ ನಿಂತರೆ ಅವನ ನಾಲಿಗೆ ಅಂಟಿಕೊಳ್ಳುತ್ತಿತ್ತು. ಹೀಗೆ ನಾಳೆ ನಾಳೆ ಎನ್ನುತ್ತಲೇ ಮದುವೆಯ ದಿನ ಬಂದುಬಿಟ್ಟಿತು.

ಅಂದು ಬೆಳಿಗ್ಗೆ ಮಾಬೂಬಿ ಮತ್ತು ಉಳಿದ ಗಾಡಿಗಳ ಗೆಳೆಯರು ಬೇಗನೆ ಕೆಲಸ ಮುಗಿಸಿ ತಮ್ಮ ಗಾಡಿಗಳನ್ನೂ ತೊಳೆದಿಟ್ಟರು. ಪುರಸಭೆಯ ಸಾಹೇಬರ ಒಪ್ಪಿಗೆ ಕೇಳಿ ಕಸ್ತೂರಿಯ ಗಾಡಿಯನ್ನು ಸೋಪು ಹಚ್ಚಿ ತಿಕ್ಕಿ ತೊಳೆದರು. ಚಕ್ರಗಳನ್ನೂ ಬಿಡಲಿಲ್ಲ. ಚೆಂಡುಹೂವಿನ ಮಾಲೆ ಸುತ್ತಿದರು, ಎರಡು ಬಾಳೆಕಂದು ಕಟ್ಟಿದರು. ಗೆಳತಿಗೆ ಇದೇ ನಮ್ಮ ಉಡುಗೊರೆ ಎಂದು ಕುಣಿಯುತ್ತ ಅದನ್ನು ಕಲ್ಯಾಣಮಂಟಪದ ಬಾಗಿಲಿಗೆ ತಂದು ನಿಲ್ಲಿಸಿದರು.

ನಿಂಗರಾಜ ಓಡಿಬಂದ. ಅವನ ಮುಖ ಕಪ್ಪಿಟ್ಟಿತು.

“ಏ ಮಾರಾಯ್ತಿ, ಬೀಗರು ಬರೂ ಹೊತ್ತು! ಇದನ್ನ ಅಡಿಗಿಮನಿ ಹಿಂದ ಒಯ್ದು ನಿಲ್ಲಸ್ರಿ. ಮ್ಯಾಲೊಂದು ತಾಡಪತ್ರಿ ಮುಚ್ಚರಿ.”

ಮಾಬೂಬಿಯ ಬೆರಳಿಗೆ ಇನ್ನೂ ಹೂವಿನ ದಾರ ಸುತ್ತಿಕೊಂಡೇ ಇತ್ತು. ಗಾಡಿಯನ್ನು ಹಿಂದಕ್ಕೆ ತಳ್ಳಿಸಿ ಮುಚ್ಚಿಸಿದಳು.

ಅರಿಸಿನದ ಸೀರೆ ಉಟ್ಟು ಕಿಟಕಿಯಲ್ಲಿ ನಿಂತಿದ್ದ ಕಸ್ತೂರಿ ಇದನ್ನೆಲ್ಲ ನೋಡಿದಳು. ಮದುವೆಯ ಮನೆ, ಹಿರಿಯರ ಮಾತು ಎಂದು ಅಂದೂ ಸುಮ್ಮನೇ ನಿಂತಳು.

ಆಗ ಬೀಗರಿಂದ ಫೋನು ಬಂತು.

ಊರಿಗೆ ನಾಲ್ಕು ಮೈಲಿ ದೂರದಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರು ರಸ್ತೆಗೆ ಅಡ್ಡ ಮಗುಚಿ ಬಿದ್ದಿತ್ತು. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಿರಲಿಲ್ಲ. ಆದರೆ ಕಬ್ಬಿನ ರಾಶಿ ರಸ್ತೆಯನ್ನು ಪೂರಾ ಮುಚ್ಚಿತ್ತು. ಮದುಮಗನ ಬಸ್ಸು ಆಚೆ ನಿಂತಿತ್ತು. ಹಿಂದೆ ಲಾರಿ, ಮುಂದೆ ಕಬ್ಬು. ಮುಹೂರ್ತಕ್ಕೆ ಇನ್ನು ಹೆಚ್ಚು ಹೊತ್ತು ಉಳಿದಿರಲಿಲ್ಲ.

ಮಂಟಪದಲ್ಲಿ ಗದ್ದಲ ಎದ್ದಿತು. ಊರಿನ ಆಟೋಗಳೆಲ್ಲ ಬೇರೆ ಬೇರೆ ಮದುವೆಗಳಿಗೆ ಹೋಗಿಬಿಟ್ಟಿದ್ದವು. ಬೈಕು ಕಳಿಸೋಣವೆಂದರೆ ಮುದುಕರು, ಮಕ್ಕಳು, ಗರ್ಭಿಣಿ ಹೆಂಗಸರು ಬಸ್ಸಿನಲ್ಲಿದ್ದರು. ಪುರೋಹಿತರು ಆಕಾಶ ನೋಡಿದರು, ಗಡಿಯಾರ ನೋಡಿದರು, ಮತ್ತೆ ಆಕಾಶ ನೋಡಿದರು. ಅಡಿಗೆಯವನು ಹೋಳಿಗೆ ಬೇಯಿಸುವುದನ್ನು ನಿಲ್ಲಿಸಿ ಹೊರಗೆ ಬಂದು ನಿಂತ. ಕಸ್ತೂರಿಯ ತಾಯಿ ಹನುಮವ್ವ ಕಂಬಕ್ಕೊರಗಿ ಅಳತೊಡಗಿದಳು.

ಊರಿನಿಂದ ಆ ಕಡೆಗೆ ಇನ್ನೊಂದು ದಾರಿ ಇತ್ತು. ಅದು ಕಾಲುವೆಯ ದಂಡೆಗುಂಟ ಕಸ ಹಾಕುವ ಬಯಲಿಗೆ ಹೋಗಿ, ಮುಂದೆ ಆಚೆಯ ರಸ್ತೆಗೆ ಸೇರುತ್ತಿತ್ತು. ಬಸ್ಸು ಹಿಡಿಸದ ಇಕ್ಕಟ್ಟು ದಾರಿ. ದಿನಾ ಅಲ್ಲಿ ಓಡಾಡುತ್ತಿದ್ದುದು ಕಸದ ಗಾಡಿಗಳು ಮಾತ್ರ.

ಕಸ್ತೂರಿ ಸೀರೆಯ ನಿರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದಳು.

“ಎಲ್ಲಿಗೆ?” ನಿಂಗರಾಜ ಅಡ್ಡ ಬಂದ.

“ಮದುಮಗನ್ನ ಕರಕೊಂಡು ಬರ್ತೀನಿ ಮಾವಾ.”

“ಆ ಗಾಡ್ಯಾಗ? ಹುಚ್ಚಿ, ಎಲ್ಲಾ ಗೊತ್ತಾಗಿ ಹೋಗ್ತದ! ಹೋಗಲೇಬೇಕಂದ್ರ ಮಾಬೂಬಿ ಹೋಗ್ಲಿ, ಬ್ಯಾರೆ ಯಾರರ ಹೋಗ್ಲಿ. ನೀ ಹೋಗಬ್ಯಾಡ.”

ಕಸ್ತೂರಿ ಮಾವನ ಕೈ ಹಿಡಿದುಕೊಂಡಳು. “ಇಷ್ಟು ದಿನ ನಿನ್ನ ಮಾತಿಗೆ ಸುಮ್ಮನಿದ್ದೆ. ಗೊತ್ತಾಗೂದಂತೂ ಗೊತ್ತಾಗ್ತದ. ಬ್ಯಾರೆಯವರ ಬಾಯಿಂದ ಗೊತ್ತಾಗೂದು ಬ್ಯಾಡ. ನನ್ನ ನೋಡೇ ಗೊತ್ತಾಗ್ಲಿ.”

ಊಟಕ್ಕೆ ಬಂದಿದ್ದ ಪುರಸಭೆಯ ಸಾಹೇಬರು ಅಲ್ಲೇ ಇದ್ದರು. “ಹೋಗ್ರಿ, ಎಲ್ಲಾ ಗಾಡಿ ತಗೊಂಡು ಹೋಗ್ರಿ. ನಾ ಅದೀನಿ,” ಎಂದರು. ಗೆಳೆಯರೆಲ್ಲ ಗಾಡಿ ತರಲು ಓಡಿದರು. ಯಾರೋ ಮಂಟಪದ ಜಮಖಾನೆ ಎತ್ತಿ ತಂದರು, ಯಾರೋ ದಿಂಬು ತಂದರು. ಮಾಬೂಬಿ ತಾಡಪತ್ರಿಯನ್ನು ಒಂದೇ ಏಟಿಗೆ ಎಳೆದು ಬಿಸಾಡಿದಳು. ಕೈತುಂಬ ಹಸಿರು ಬಳೆ, ಹಣೆತುಂಬ ಕುಂಕುಮ, ತಲೆತುಂಬ ಮಲ್ಲಿಗೆ. ಹೀಗೆ ಮದುಮಗಳು ಸ್ಟೇರಿಂಗು ಹಿಡಿದಳು. ಹಿಂದೆ ಸಾಲಾಗಿ ಐದಾರು ಕಸದ ಗಾಡಿಗಳು ಕಾಲುವೆಯ ದಾರಿ ಹಿಡಿದವು.

ಅಲ್ಲಿ ಬಸ್ಸಿನ ನೆರಳಿನಲ್ಲಿ ಗುರುಪಾದ ಬಾಸಿಂಗ ಕಟ್ಟಿಕೊಂಡು, ಬೆವರು ಒರೆಸಿಕೊಳ್ಳುತ್ತ ನಿಂತಿದ್ದ. ಧೂಳೆಬ್ಬಿಸಿಕೊಂಡು ಗಾಡಿಗಳು ಬಂದು ನಿಂತವು. ಮುಂದಿನ ಗಾಡಿಯಿಂದ ಮದುಮಗಳೇ ಇಳಿದಳು. ಬೀಗರೆಲ್ಲ ಬಾಯಿ ತೆರೆದವರು ಮುಚ್ಚಲಿಲ್ಲ.

ಕಸ್ತೂರಿ ನೇರವಾಗಿ ದ್ಯಾಮವ್ವನ ಬಳಿಗೆ ಹೋದಳು. ಕಾಲಿಗೆ ನಮಸ್ಕರಿಸಿ ಎದ್ದು ನಿಂತಳು.

“ಅತ್ತೀ, ಪುರಸಭೆಯೊಳಗ ನನ್ನ ನೌಕರಿ ಅಂದ್ರ ಇದ. ಈ ಗಾಡಿ ಹೊಡಿತೀನಿ. ಊರಿನ ಕಸ ಒಯ್ತೀನಿ. ಕೆಲಸಕ್ಕ ನಾ ಎಂದೂ ನಾಚಿಕಿ ಪಟ್ಟಿಲ್ಲ. ಆದ್ರ ನಿಮ್ಮ ಮುಂದ ಬಾಯಿ ಮುಚ್ಚಿಕೊಂಡು ಕುಂತೆ ನೋಡ್ರಿ, ಅದಕ್ಕ ನಾಚಿಕಿ ಪಡ್ತೀನಿ. ಈಗ ನೀವು ಒಪ್ಪಿ ಗಾಡಿ ಹತ್ತಿದ್ರ ಮದುವಿ. ಒಪ್ಪದಿದ್ರ ನಿಮ್ಮ ಮ್ಯಾಲೆ ನನಗ ಸಿಟ್ಟಿಲ್ಲ. ನಿಮ್ಮವರನ್ನೆಲ್ಲ ನಿಮ್ಮ ಊರು ಮುಟ್ಟಿಸೂದಂತೂ ಮುಟ್ಟಸ್ತೀನಿ.”

ಎಲ್ಲರೂ ದ್ಯಾಮವ್ವನ ಮುಖ ನೋಡಿದರು. ದ್ಯಾಮವ್ವ ಮಗನ ಮುಖ ನೋಡಿದಳು.

“ನಿನಗ ಗೊತ್ತಿತ್ತೇನು?”

ಗುರುಪಾದ ತಲೆ ತಗ್ಗಿಸಿದ. “ಗೊತ್ತಿತ್ತವ್ವ. ಕನ್ಯಾ ನೋಡಿದ ಮರುದಿನಾನ ಆಕಿ ಹೇಳಿದ್ದಳು. ನಿನಗ ಹೇಳಾಕ ನನಗ ಧೈರ್ಯ ಆಗ್ಲಿಲ್ಲ.”

“ಕಸದ ಗಾಡ್ಯಾಗ ಮದುಮಗ ಹೋಗೂದಂದ್ರ ಏನ ಚಂದ?” ಎಂದು ಹಿಂದಿನಿಂದ ಯಾರೋ ಗೊಣಗಿದರು.

ಅಷ್ಟರಲ್ಲಿ ಬಸ್ಸಿನ ಮೆಟ್ಟಿಲ ಮೇಲೆ ಕುಳಿತಿದ್ದ ಗುರುಪಾದನ ಅಜ್ಜಿ ಕೋಲೂರಿ ಎದ್ದಳು. ಅವಳಿಗೆ ಮೊಣಕಾಲು ನೋವು, ಹೊಟ್ಟೆಯಲ್ಲಿ ಹಸಿವು.

“ಚಂದ ಆಮ್ಯಾಲೆ ನೋಡ್ರಿ. ಯವ್ವಾ ಕಸ್ತೂರಿ, ಮುಂದ ನಿನ್ನ ಬಾಜೂಕ ಒಂದು ಸೀಟು ಐತೇನು? ನನ್ನ ಕೂಡಿಸು ಮೊದ್ಲ. ಮೊಮ್ಮಗಗ ಇಂಥಾ ಹೇಣ್ತಿ ಸಿಕ್ಕಾಳ, ಬಿಟ್ಟು ಹೋದ್ಲಂದ್ರ ಮತ್ತ ಎಲ್ಲಿಂದ ತರೂಣು?”

ಎಲ್ಲರೂ ಗೊಳ್ಳೆಂದು ನಕ್ಕರು. ದ್ಯಾಮವ್ವನೂ ನಗು ತಡೆದುಕೊಳ್ಳಲು ಸೆರಗು ಬಾಯಿಗೆ ಒತ್ತಿದಳು. ಆಮೇಲೆ ಸೊಸೆಯ ಎರಡೂ ಕೈ ಹಿಡಿದುಕೊಂಡಳು. ಆ ಅಂಗೈಗಳು ಗಟ್ಟಿಯಾಗಿದ್ದವು. ಗದ್ದೆಯ ಕಳೆ ತೆಗೆದು ಗಟ್ಟಿಯಾದ ದ್ಯಾಮವ್ವನ ಅಂಗೈಗಳ ಹಾಗೆಯೇ ಇದ್ದವು.

“ನಿನ್ನ ಕೆಲಸ ಕೇಳಿ ನನಗ ಬ್ಯಾಸರಿಲ್ಲ ತಂಗಿ. ಮುಚ್ಚಿಟ್ರಿ ಅಂತ ಬ್ಯಾಸರಾಗಿತ್ತು. ನೀನಾಗೇ ಬಂದು ಹೇಳಿದಿ, ಅದೂ ಹೋತು.” ಹಾಗೆಂದವಳು ಮಗನ ಕಡೆ ತಿರುಗಿದಳು. “ನಿಂತು ಏನ್ ನೋಡ್ತಿ? ಹತ್ತೊ! ಮುಹೂರ್ತ ನಿನಗಾಗಿ ಕಾಯ್ತದೇನು?”

ಮದುಮಗ ಒಂದೇ ಜಿಗಿತಕ್ಕೆ ಹತ್ತಿದ. ಅವನ ಹಿಂದೆ ತಾಯಿ ಹತ್ತಿದಳು, ಚಿಕ್ಕಮ್ಮಂದಿರು ಹತ್ತಿದರು, ಮಕ್ಕಳಂತೂ ನಾ ಮುಂದೆ ನೀ ಮುಂದೆ ಎಂದು ಹತ್ತಿದವು. ಬಾಜಾದವರು ಕೊನೆಯ ಗಾಡಿಯಲ್ಲಿ ಕುಳಿತು ಸನಾದಿ ಊದತೊಡಗಿದರು. ಗೊಣಗಿದವರು ಯಾರೆಂದು ಯಾರಿಗೂ ತಿಳಿಯಲಿಲ್ಲ. ಏಕೆಂದರೆ ಹತ್ತದೆ ಉಳಿದವರು ಒಬ್ಬರೂ ಇರಲಿಲ್ಲ.

ಊರೊಳಗೆ ಬಂದಾಗ ಇನ್ನೊಂದು ತಮಾಷೆ ಆಯಿತು. ಕಸ್ತೂರಿ ರೂಢಿಬಲದಿಂದ ಗಾಡಿಯ ಮೈಕು ಚಾಲೂ ಮಾಡಿಬಿಟ್ಟಳು. ಹಸಿ ಕಸ ಬೇರೆ ಮಾಡಿ, ಒಣ ಕಸ ಬೇರೆ ಮಾಡಿ ಎಂದು ಮೈಕು ಕೂಗತೊಡಗಿತು. ಬೆಳಿಗ್ಗೆ ಗಾಡಿ ಅವಸರದಲ್ಲಿ ಹೋಗಿತ್ತಲ್ಲ, ಬುಟ್ಟಿ ಉಳಿದ ಹೆಂಗಸರೆಲ್ಲ ಬುಟ್ಟಿ ಹಿಡಿದುಕೊಂಡು ಬಾಗಿಲಿಗೆ ಓಡಿಬಂದರು. ನೋಡಿದರೆ ಗಾಡಿಯಲ್ಲಿ ಕಸ ಇಲ್ಲ, ಬಾಸಿಂಗ ಕಟ್ಟಿದ ಮದುಮಗ ನಿಂತಿದ್ದಾನೆ! ಓಡಿಸುತ್ತಿರುವವಳು ಮದುಮಗಳು!

“ಅಯ್ಯ, ನಮ್ಮ ಕಸ್ತೂರಿ!” ಎಂದು ಒಬ್ಬಳು ಕೂಗಿದಳು. ಬುಟ್ಟಿಗಳು ಅಲ್ಲಲ್ಲೇ ಕೆಳಗಿಳಿದವು. ಒಬ್ಬಳು ಒಳಗೆ ಓಡಿ ಆರತಿ ತಟ್ಟೆ ತಂದಳು, ಇನ್ನೊಬ್ಬಳು ಅಂಗಳದ ದಾಸವಾಳವನ್ನೆಲ್ಲ ಕಿತ್ತು ಗಾಡಿಯ ಮೇಲೆ ಎರಚಿದಳು. ದಿನಾ ಬೆಳಿಗ್ಗೆ ತಮ್ಮ ಬಾಗಿಲಿಗೆ ಬರುವ ಹುಡುಗಿಯ ಮದುವೆ ಎಂದು ಓಣಿಗೆ ಓಣಿಯೇ ಗಾಡಿಗಳ ಹಿಂದೆ ನಡೆಯಿತು.

ಮಂಟಪದ ಬಾಗಿಲಲ್ಲಿ ನಿಂಗರಾಜ ದಾರಿ ನೋಡುತ್ತ ನಿಂತಿದ್ದ. ಬೀಗರು ಸಿಟ್ಟಾಗಿ ಬರುತ್ತಾರೆಂದುಕೊಂಡಿದ್ದ. ಬಂದದ್ದು ನಗು, ಸನಾದಿ, ಹೂವು. ಜೊತೆಗೆ ಅರ್ಧ ಊರು. ಅಜ್ಜಿ ಮುಂದಿನ ಸೀಟಿನಿಂದ ಕೈ ಬೀಸಿ, “ಬೀಗಪ್ಪಾ, ಇಳಿಸು ನನ್ನ! ಇಂಥಾ ಮೆರವಣಿಗಿ ನನ್ನ ಮದುವ್ಯಾಗೂ ಆಗಿರಲಿಲ್ಲ!” ಎಂದಳು. ನಿಂಗರಾಜನ ಕಣ್ಣು ತುಂಬಿ ಬಂತು.

ಮುಹೂರ್ತಕ್ಕೆ ಸರಿಯಾಗಿ ಅಕ್ಷತೆ ಬಿತ್ತು.

ಊಟಕ್ಕೆ ಕೂಡುವ ಮೊದಲು ನಿಂಗರಾಜ ಮೈಕು ಹಿಡಿದ. “ನನ್ನ ಅಕ್ಕನ ಮಗಳು ಕಸ್ತೂರಿ ಈ ಊರಿನ ಕಸದ ಗಾಡಿ ಹೊಡಿತಾಳ. ಇದನ್ನ ನಾ ಇಷ್ಟು ದಿನ ಬೀಗರಿಂದ ಮುಚ್ಚಿಟ್ಟಿದ್ದೆ. ಇವತ್ತು ತಿಳೀತು, ನಾ ಮುಚ್ಚಿಟ್ಟಿದ್ದು ಆಕಿ ದೊಡ್ಡತನ, ಎಲ್ಲರಿಗೂ ಕಂಡಿದ್ದು ನನ್ನ ಸಣ್ಣತನ.” ಆಮೇಲೆ ಅವನು ಮಾಬೂಬಿಯನ್ನೂ ಗಾಡಿಯ ಗೆಳೆಯರನ್ನೂ ಬೀಗರ ಪಂಕ್ತಿಯಲ್ಲೇ ಕೂಡಿಸಿದ. ತಾನೇ ಮುಂದೆ ಬಾಗಿ ಹೋಳಿಗೆ ಬಡಿಸಿ, ಬೇಡ ಬೇಡ ಎಂದರೂ ತುಪ್ಪ ಸುರಿದ. ಮಾಬೂಬಿ ಅವನ ಮುಖ ನೋಡಿ ನಕ್ಕು, “ಸಾಕ್ರಿ ಮಾವಾರ, ಎಲಿ ತೇಲಿ ಹೋಗ್ತದ,” ಎಂದಳು.

ಮದುವೆಯಾದ ಮೇಲೂ ಕಸ್ತೂರಿ ಕೆಲಸ ಬಿಡಲಿಲ್ಲ. ಗುರುಪಾದನೇ ಹಿರೇಬಾವಿಗೆ ಬಂದು ಮೋಟಾರು ರಿಪೇರಿಯ ಅಂಗಡಿ ಹಾಕಿದ. ಒಮ್ಮೆ ದ್ಯಾಮವ್ವನ ಊರಿನಲ್ಲಿ ನೆರೆಯವಳೊಬ್ಬಳು ಮೂಗು ಮುರಿದು ಕೇಳಿದಳು.

“ಅಲ್ಲ ದ್ಯಾಮವ್ವ, ನಿನ್ನ ಸೊಸಿ ಕಸಾ ಹೊಡಿತಾಳಂತಲ್ಲ, ಖರೇನ?”

ದ್ಯಾಮವ್ವ ಕೇರುತ್ತಿದ್ದ ಮೊರ ನಿಲ್ಲಿಸದೆಯೇ ಹೇಳಿದಳು. “ಖರೇ ಐತಿ. ನಾನು ನೀನು ನಮ್ಮ ನಮ್ಮ ಅಂಗಳದ ಕಸಾ ಹೊಡಿತೀವಿ. ನನ್ನ ಸೊಸಿ ಅಂಗಳ ಸ್ವಲ್ಪ ದೊಡ್ಡದು. ಒಂದು ಊರಷ್ಟು ಐತಿ.”

ನೀತಿ: ಯಾವ ಕೆಲಸವೂ ಮನುಷ್ಯನನ್ನು ಸಣ್ಣವನನ್ನಾಗಿ ಮಾಡುವುದಿಲ್ಲ. ಅದನ್ನು ಮುಚ್ಚಿಟ್ಟಾಗ ನಾವೇ ಸಣ್ಣವರಾಗುತ್ತೇವೆ. ನಿಮ್ಮ ದುಡಿಮೆಯನ್ನು ನೀವು ಮೊದಲು ತಲೆಯೆತ್ತಿ ಹೇಳಿ. ಊರು ನಿಮ್ಮ ಜೊತೆ ನಡೆದು ಬರುತ್ತದೆ.