ತಿಪ್ಪೇಶ ಮನೆಗೆ ನೆಲ ಹಾಕಿಸಿದ್ದು

ಹೊಳಲ್ಕೆರೆಯಲ್ಲಿ ಶಿವಲೀಲಮ್ಮ ಅಂತ ಒಬ್ಬ ಟೀಚರಮ್ಮ ಇದ್ದಳು. ಆ ಕಾಲಕ್ಕೇ ಬಿ.ಎ. ಓದಿದವಳು. ಒಂದು ಸೊಳ್ಳೆಪರದೆ ಕೊಳ್ಳಬೇಕಾದರೂ ಮೊದಲು ಕೂತು ಯೋಜನೆ ಹಾಕುವವಳು. ಇಂಥವಳ ಹೊಟ್ಟೆಯಲ್ಲಿ ತಿಪ್ಪೇಶ ಹುಟ್ಟಿದ್ದ! ಆರಡಿ ಆಳು, ತೋಳಲ್ಲಿ ಎತ್ತಿನ ಬಲ, ಮನಸ್ಸು ಬೆಣ್ಣೆ. ತಲೆ ಮಾತ್ರ ಹೇಳಿದ್ದನ್ನು ಹೇಳಿದ ಹಾಗೇ ಮಾಡುವ ತಲೆ. ಅದಕ್ಕಿಂತ ಒಂದು ಕೂದಲಷ್ಟು ಆಚೆ ಇಲ್ಲ, ಈಚೆ ಇಲ್ಲ.

ಅವರ ಮನೆಯಲ್ಲಿ ನಡುಮನೆಯ ಗಾರೆ ನೆಲ ಹಳೆಯದಾಗಿ, ಕಿತ್ತು, ಗುಳಿ ಬಿದ್ದಿತ್ತು. ಒಂದು ದಿನ ಶಿವಲೀಲಮ್ಮನ ಅತ್ತೆ ಹಾಲಮ್ಮಜ್ಜಿ ಆ ಗುಳಿಯಲ್ಲಿ ಕಾಲು ಸಿಕ್ಕಿ ಧಡ್ಡನೆ ಬಿದ್ದಳು. ಸೊಂಟ ಹಿಡಿದುಕೊಂಡೇ ಚಿತ್ರದುರ್ಗದ ಮಗಳ ಮನೆಗೆ ಹೊರಟಳು.

“ನೆಲ ಸರಿಯಾಗೋವರೆಗೂ ನಾನು ಈ ಹೊಸ್ತಿಲು ದಾಟಲ್ಲ ಲೀಲಾ! ನೋಡ್ತಿರು!”

ಅತ್ತೆ ಇಲ್ಲದ ಮನೆಯಲ್ಲಿ ಶಿವಲೀಲಮ್ಮನಿಗೆ ತುತ್ತು ಇಳಿಯಲಿಲ್ಲ. ಸಾರಿಗೆ ಉಪ್ಪು ಸಾಲದು ಅನ್ನಲೂ ಜನವಿಲ್ಲ! ಕೂಡಿಟ್ಟ ಹಣ ತೆಗೆದಳು. ನಡುಮನೆಗೆ ಟೈಲ್ಸ್ ಹಾಕಿಸುವಷ್ಟಿತ್ತು, ತಪ್ಪು ಮಾಡುವಷ್ಟಿರಲಿಲ್ಲ.

“ತಿಪ್ಪೇಶಾ, ನಾನು ಸ್ಕೂಲಿಗೆ ಹೋಗಿ ಬರೋದರೊಳಗೆ ಅಳತೆ ತೆಗೆದಿಡು. ನಾವು ಕಾಲಿಡೋ ಜಾಗವನ್ನೆಲ್ಲ ಅಳೆ. ಒಂದು ಗೇಣೂ ಬಿಡಬೇಡ!”

“ಆಗಲಮ್ಮ!”

ಸಂಜೆ ಬಂದು ನೋಡಿದರೆ ಮನೆಯಲ್ಲಿ ಮಗನಿಲ್ಲ. ದೀಪ ಹಚ್ಚುವ ಹೊತ್ತಿಗೆ ಟೇಪು ಹಿಡಿದು, ಮೈಯೆಲ್ಲ ಧೂಳಾಗಿ ಬಂದ.

“ಎಲ್ಲಿ ಹೋಗಿದ್ದೆಯೋ?”

“ಅಳೀತಿದ್ದೆನಮ್ಮ. ನಡುಮನೆ ಅಳೆದೆ, ಜಗಲಿ ಅಳೆದೆ, ಬೀದಿ ಅಳೆದೆ. ನಾವು ಹಿಟ್ಟಿನ ಗಿರಣಿಗೂ ಕಾಲಿಡ್ತೀವಲ್ಲ, ಅದನ್ನೂ ಅಳೆದೆ. ಬಸ್ ಸ್ಟ್ಯಾಂಡ್ ಮುಗೀತು. ರೈಲ್ವೆ ಸ್ಟೇಷನ್ ಅರ್ಧ ಉಳಿದಿದೆ, ಸ್ಟೇಷನ್ ಮಾಸ್ಟರು ಓಡಿಸಿಬಿಟ್ರು!”

ಶಿವಲೀಲಮ್ಮ ಕೈಚೀಲ ಕೈಯಲ್ಲಿ ಹಿಡಿದೇ ಗೋಡೆಗೆ ಒರಗಿದಳು.

“ರೈಲ್ವೆ ಸ್ಟೇಷನ್ನಿಗೆ ಟೈಲ್ಸ್ ಹಾಕಿಸೋಕೆ ನಾನೇನು ಮಂತ್ರಿಯೇನೋ! ಅಳತೆ ಅಂದರೆ ಗೋಡೆಯಿಂದ ಗೋಡೆಗೆ ಕಣೋ. ಗೋಡೆ ಬಂತೋ, ನಿಲ್ಲಬೇಕು. ಮುಂದೆ ಒಂದು ಹೆಜ್ಜೆ ಇಡಬಾರದು! ತಿಳೀತಾ?”

“ತಿಳೀತಮ್ಮ. ಗೋಡೆ ಬಂದರೆ ನಿಲ್ಲಬೇಕು.”

ಅಳತೆಯನ್ನು ತಾನೇ ತೆಗೆದು, ಮಾರನೇ ದಿನ ಮಾಲಿಂಗಪ್ಪನ ಟೈಲ್ಸ್ ಅಂಗಡಿಗೆ ಅವನನ್ನು ಕಳಿಸಿದಳು. ಮಧ್ಯಾಹ್ನವಾಯಿತು, ಬರಲಿಲ್ಲ. ಸ್ಕೂಲು ಬಿಟ್ಟಿತು, ಬರಲಿಲ್ಲ. ಹುಡುಕಿಕೊಂಡು ಹೋದಳು. ಅಂಗಡಿಯ ಕಾಂಪೌಂಡ್ ಗೋಡೆಗೆ ಮೂಗು ತಾಗಿಸಿಕೊಂಡು ನಿಂತಿದ್ದಾನೆ ಮಗರಾಯ! ಪಕ್ಕದಲ್ಲೇ ಗೇಟು ಹಾರುಹೊಡೆದಿದೆ. ಬೆನ್ನ ಹಿಂದೆ ಪುರಿ ಮಾರುವವನು, ಬಟಾಣಿ ಮಾರುವವನು, ಶಾಲೆ ಮಕ್ಕಳು ಎಲ್ಲ ಗೋಡೆಯಲ್ಲಿ ಏನಿದೆ ಅಂತ ಇಣುಕುತ್ತಿದ್ದಾರೆ.

“ಏನೋ ಇದು, ತಿಪ್ಪೇಶಾ!”

“ಗೋಡೆ ಬಂತಮ್ಮ. ನಿಂತೆ.”

ಶಿವಲೀಲಮ್ಮನಿಗೆ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುವ ಹಾಗಾಯಿತು. ದರದರ ಮನೆಗೆ ಎಳೆತಂದಳು.

“ಅಂಗಡಿಗೆ ಹೋದಮೇಲೆ ಒಳಗೆ ಹೋಗಬೇಕು! ವ್ಯಾಪಾರ ಮಾಡಬೇಕು! ಅವರು ಎಷ್ಟು ಹೇಳ್ತಾರೋ ಅದರ ಅರ್ಧಕ್ಕೆ ಕೇಳಬೇಕು. ಅಲ್ಲಿಂದ ಜಗ್ಗಬಾರದು! ತಿಳೀತಾ?”

“ತಿಳೀತಮ್ಮ. ಅರ್ಧಕ್ಕೆ ಕೇಳಬೇಕು. ಜಗ್ಗಬಾರದು.”

ಮಾರನೇ ದಿನ ಸರಕಿನ ಆಟೋ ಮನೆ ಮುಂದೆ ಬಂದು ನಿಂತಿತು. ಚಾಲಕನ ಪಕ್ಕದಲ್ಲಿ ತಿಪ್ಪೇಶ, ಯುದ್ಧ ಗೆದ್ದು ಬಂದ ದೊರೆಯ ಹಾಗೆ!

“ಅಮ್ಮಾ, ಅರ್ಧಕ್ಕೇ ಗಿಟ್ಟಿಸಿಬಿಟ್ಟೆ!”

“ಹೌದೇನೋ, ನನ್ನಪ್ಪಾ! ಹೇಗೋ?”

“ನಿಮ್ಮ ಅಳತೆಗೆ ನಲವತ್ತು ಬಾಕ್ಸ್ ಬೇಕು ಅಂದ್ರು ಮಾಲಿಂಗಪ್ಪನೋರು. ಇಪ್ಪತ್ತು ಅಂದೆ. ಸಾಲಲ್ಲಪ್ಪ, ಮೂವತ್ತೆಂಟಾದರೂ ತಗೋ ಅಂದ್ರು. ಇಪ್ಪತ್ತು ಅಂದೆ. ಮೂವತ್ತೈದು ಅಂದ್ರು. ಇಪ್ಪತ್ತು! ಕೈ ಮುಗಿದುಬಿಟ್ರಮ್ಮ!”

“ಬಾಕ್ಸಿನ ಬೆಲೆ?”

“ಅದನ್ನ ಅವರು ಹೇಳಿದಷ್ಟೇ ಕೊಟ್ಟೆ. ಪಾಪ, ಬಾಕ್ಸಿನಲ್ಲಿ ಸೋತಿದ್ರಲ್ಲ.”

ಶಿವಲೀಲಮ್ಮ ತಲೆ ಮೇಲೆ ಕೈ ಹೊತ್ತು ಜಗಲಿಯಲ್ಲಿ ಕೂತಳು. ಆಟೋದವನೇ ಪಾಪ ಅನ್ನಿಸಿ ಒಂದು ಲೋಟ ನೀರು ತಂದುಕೊಟ್ಟ.

“ಅರ್ಧ ಮನೆಗೆ ಟೈಲ್ಸು, ಅರ್ಧ ಮನೆಗೆ ಗುಳಿಯೇನೋ? ನಿಮ್ಮಜ್ಜಿ ಈ ಅರ್ಧದಲ್ಲಿ ನಡೆದು ಆ ಅರ್ಧದಲ್ಲಿ ಬೀಳಲಾ? ಹೋಗು, ಉಳಿದಿದ್ದನ್ನೂ ತಗೊಂಡು ಬಾ. ಕಡಿಮೆ ಅಲ್ಲ, ಮೇಲೆ ನಾಲ್ಕು ಬಾಕ್ಸ್ ಜಾಸ್ತಿನೇ ತಾ! ಟೈಲ್ಸ್ ಅಂದಮೇಲೆ ಹತ್ತಕ್ಕೊಂದು ಒಡೆದೇ ಒಡೆಯುತ್ತೆ. ಆ ಲೆಕ್ಕ ತಪ್ಪಬಾರದು! ತಿಳೀತಾ?”

“ತಿಳೀತಮ್ಮ. ಹತ್ತಕ್ಕೊಂದು. ಲೆಕ್ಕ ತಪ್ಪಬಾರದು.”

ಕಿಟಕಿ ಪರದೆಗೆ ಅಂತ ಇಟ್ಟಿದ್ದ ಹಣ ಆ ನಾಲ್ಕು ಬಾಕ್ಸಿಗೂ ಎರಡನೇ ಸಲದ ಆಟೋ ಬಾಡಿಗೆಗೂ ಹೋಯಿತು. ಹೋಗಲಿ, ಪರದೆ ಇಲ್ಲದೆ ಯಾರೂ ಬೀಳುವುದಿಲ್ಲ ಅಂತ ಸಮಾಧಾನ ಮಾಡಿಕೊಂಡು ಸ್ಕೂಲಿಗೆ ಹೋದಳು. ಸಂಜೆ ಬೀದಿ ತಿರುವಿಗೆ ಬರುವಾಗಲೇ ಕಿವಿಗೆ ಬಿತ್ತು: ಫಳ್! ಸ್ವಲ್ಪ ಹೊತ್ತು ಸುಮ್ಮನೆ. ಮತ್ತೆ ಫಳ್!

ಓಡಿದಳು. ಜಗಲಿ ತುಂಬ ಟೈಲ್ಸ್ ಹರಡಿಕೊಂಡು, ಕೈಯಲ್ಲಿ ಸುತ್ತಿಗೆ ಹಿಡಿದು ಕೂತಿದ್ದಾನೆ.

“...ಎಂಟು, ಒಂಬತ್ತು, ಹತ್ತು.” ಫಳ್!

“ಅಯ್ಯಯ್ಯೋ! ನಿಲ್ಲಿಸೋ!”

“ಇನ್ನೆರಡೇ ಅಮ್ಮ. ಒಂದೂ ತಾನಾಗಿ ಒಡೆದಿರಲಿಲ್ಲ. ಮಾಲಿಂಗಪ್ಪನೋರು ಹುಲ್ಲು ಹಾಕಿ ಕಳಿಸಿಬಿಟ್ಟಿದ್ರು. ನೀನು ಬರೋದರೊಳಗೆ ಲೆಕ್ಕ ಸರಿಮಾಡೋಣ ಅಂತ...”

ಶಿವಲೀಲಮ್ಮ ಚೂರುಗಳ ಮಧ್ಯೆ ಕುಸಿದು ಕೂತಳು.

“ನಿನ್ನ ಕೈಗಿಷ್ಟು! ಇನ್ನುಮೇಲೆ ಈ ಮನೆಯಲ್ಲಿ ಒಂದು ಚೂರಿಗೂ ಪೆಟ್ಟಾಗಬಾರದು! ಮೆತ್ತನೆ ಬಟ್ಟೆಯಲ್ಲಿ ಸುತ್ತಿ, ಒಂದೊಂದಾಗಿ ಎತ್ತಿಡಬೇಕು. ತಿಳೀತಾ?”

“ತಿಳೀತಮ್ಮ. ಬಟ್ಟೆಯಲ್ಲಿ ಸುತ್ತಿ ಎತ್ತಿಡಬೇಕು.”

ಗಾರೆ ಮೇಸ್ತ್ರಿ ಓಬಣ್ಣ ಬಂದ. ಹಾರೆ ಹಾಕಿ ಹಳೆಯ ನೆಲವನ್ನೆಲ್ಲ ಮೀಟಿ ಎಬ್ಬಿಸಿದ. “ಈ ಚೂರೆಲ್ಲ ತೆಗೆದಿರಪ್ಪ ತಿಪ್ಪೇಶಿ” ಅಂತ ಹೇಳಿ ಊಟಕ್ಕೆ ಹೋದ.

ಸಂಜೆ ಶಿವಲೀಲಮ್ಮ ಬಂದು ನೋಡಿದರೆ ನಡುಮನೆ ಚೊಕ್ಕ! ಒಂದು ಹರಳು ಕಲ್ಲೂ ಇಲ್ಲ. ಪರವಾಗಿಲ್ಲ, ಹುಡುಗ ದಾರಿಗೆ ಬಂದ ಅಂತ ಮುಖ ಅರಳಿಸಿಕೊಂಡು, ಸೀರೆ ಬದಲಿಸಲು ಬೀರು ತೆಗೆದಳು. ಬೀರು ತುಂಬ ಗಂಟುಗಳು! ಬಿಚ್ಚಿದರೆ ಗಾರೆ ಚೂರು. ಇನ್ನೊಂದು ಬಿಚ್ಚಿದರೆ ಇನ್ನೊಂದು ಚೂರು. ಮದುವೆಯ ಧಾರೆ ಸೀರೆಯಲ್ಲಿ ಒಂದು ದಪ್ಪ ಹೆಂಟೆ, ಮಗುವಿನ ಹಾಗೆ ಮಲಗಿದೆ!

“ತಿಪ್ಪೇಶಾ!”

“ಮೆತ್ತನೆ ಬಟ್ಟೆ ಬೇರೆ ಸಿಗಲಿಲ್ಲಮ್ಮ. ಒಂದಕ್ಕೂ ಪೆಟ್ಟಾಗಿಲ್ಲ ನೋಡು!”

ಅವಳು ಒಂದೊಂದೇ ಸೀರೆ ಕೊಡವಿ, ಜರಿ ಒಳಗಾಗುವ ಹಾಗೆ ಮಡಿಸುತ್ತಾ ಬೈದಳು.

“ಚಿನ್ನದಂಥ ಜರಿ ಮೇಲೆ ಮಣ್ಣು ಉಜ್ಜಿದೆಯಲ್ಲೋ! ಒಳ್ಳೆಯದನ್ನ ಜೋಪಾನ ಮಾಡೋದು ಹೇಗೆ ಅಂತ ಇಲ್ಲಿ ನೋಡು. ಹೊಳೆಯೋ ಮೈ ಒಳಗೆ ಹೋಗಬೇಕು, ಒರಟು ಮೈ ಮೇಲೆ ಬರಬೇಕು. ಹಾಗಿಟ್ಟರೆ ನೂರು ವರ್ಷ ಹೊಳಪು ಹೋಗಲ್ಲ! ತಿಳೀತಾ?”

“ತಿಳೀತಮ್ಮ. ಹೊಳೆಯೋ ಮೈ ಒಳಗೆ. ಒರಟು ಮೈ ಮೇಲೆ.”

ಅಷ್ಟರಲ್ಲಿ ಪರೀಕ್ಷೆಯ ಉತ್ತರಪತ್ರಿಕೆ ತಿದ್ದಲು ಚಿತ್ರದುರ್ಗಕ್ಕೆ ಬರಬೇಕು ಅಂತ ಶಿವಲೀಲಮ್ಮನಿಗೆ ಆದೇಶ ಬಂತು. ಟೈಲ್ಸ್ ಇದೆ, ಸಿಮೆಂಟ್ ಇದೆ, ಓಬಣ್ಣ ಇದ್ದಾನೆ. ಇನ್ನೇನು ಕೆಡುತ್ತೆ? ನೆಮ್ಮದಿಯಾಗಿ ಹೋದಳು. ವಾರ ಕಳೆದು, ಬರುವಾಗ ಅತ್ತೆಯನ್ನು ಆಟೋದಲ್ಲಿ ಕೂರಿಸಿಕೊಂಡೇ ಬಂದಳು.

“ಕನ್ನಡಿ ಹಾಗೆ ಇರುತ್ತೆ ಅತ್ತೆ. ನೀವೇ ನೋಡಿ!”

ಬಾಗಿಲು ತೆಗೆದಳು. ಅಲ್ಲೇ ನಿಂತಳು.

ಕನ್ನಡಿಯೂ ಇಲ್ಲ, ಹೊಳಪೂ ಇಲ್ಲ! ಈ ಗೋಡೆಯಿಂದ ಆ ಗೋಡೆಯವರೆಗೆ ಗೀರುಗೀರಾದ ಕಂದು ಬಣ್ಣದ ಬಿಲ್ಲೆಗಳು. ಒಂದೊಂದರ ಮೈಮೇಲೂ ಕಂಪನಿಯ ಮುದ್ರೆ. ಇಡೀ ನಡುಮನೆ ಬೋರಲು ಮಲಗಿತ್ತು!

ಕೂಲಿಗಾಗಿ ಜಗಲಿಯಲ್ಲಿ ಕಾದಿದ್ದ ಓಬಣ್ಣ ಎದ್ದು ಕೈ ಹಿಸುಕಿಕೊಂಡ.

“ನಾನು ಬೇಡ ಅಂದೆ ಟೀಚರಮ್ಮ. ಹೊಳೆಯೋ ಮೈ ಒಳಗೆ, ಒರಟು ಮೈ ಮೇಲೆ, ಅಮ್ಮಂದೇ ಮಾತು ಅಂತ ಇವನು ಗೌಡರ ಹಾಗೆ ನಿಂತುಬಿಟ್ಟ. ನಿಮ್ಮ ಫೋನು ಆಫಾಗಿತ್ತು. ಓದಿದೋರು, ಏನೋ ಹೊಸ ಫ್ಯಾಶನ್ ಇರಬೇಕು ಅಂದುಕೊಂಡೆ.”

“ನೂರು ವರ್ಷ ಹೊಳಪು ಹೋಗಲ್ಲಮ್ಮ!” ಅಂದ ತಿಪ್ಪೇಶ.

ಶಿವಲೀಲಮ್ಮನಿಗೆ ಅಳಬೇಕೋ, ಅರಚಬೇಕೋ ಗೊತ್ತಾಗಲಿಲ್ಲ. ಹಣ ಮುಗಿದಿದೆ. ಇನ್ನು ಅತ್ತೆ ಬಂದ ಆಟೋದಲ್ಲೇ ವಾಪಸು ಹೋಗುತ್ತಾಳೆ! ಕಣ್ಣು ಮುಚ್ಚಿಕೊಂಡಳು.

ಹಾಲಮ್ಮಜ್ಜಿ ಚಪ್ಪಲಿ ಬಿಟ್ಟಳು. ಹೊಸ್ತಿಲು ದಾಟಿ ಒಂದು ಕಾಲಿಟ್ಟಳು. ಉಜ್ಜಿ ನೋಡಿದಳು. ಇನ್ನೊಂದು ಕಾಲಿಟ್ಟಳು. ಕೋಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಅಡುಗೆಮನೆ ಬಾಗಿಲವರೆಗೆ ಹೋದಳು, ತಿರುಗಿ ಬಂದಳು.

“ಲೀಲಾ! ಜಾರೋದೇ ಇಲ್ಲ ಕಣೆ! ನನ್ನ ಮಗಳ ಮನೆ ನೆಲ ಹೊಳೀತದೆ; ಗೋಡೆ ಹಿಡಿದು ಹಿಡಿದು ಅಂಗೈ ಸವೀತು ನನಗೆ. ಹೊಳಪು ನೋಡೋಕೆ ನನಗೇನು ಕಣ್ಣು ಕಾಣುತ್ತಾ? ಇದೇ ಇರಲಿ. ಯಾರೂ ಮುಟ್ಟಕೂಡದು!”

ಶಿವಲೀಲಮ್ಮ ಕಣ್ಣು ಬಿಟ್ಟಳು. ಅತ್ತೆಯನ್ನು ನೋಡಿದಳು, ಮಗನನ್ನು ನೋಡಿದಳು, ಅತ್ತೆಯ ಚೀಲ ಎತ್ತಿ ಒಳಗಿಟ್ಟಳು.

ಅಷ್ಟರಲ್ಲಿ ಪಕ್ಕದ ಮನೆಯ ಗಿರಿಜಕ್ಕ ಬಂದಳು.

“ಹೊಸ ಟೈಲ್ಸ್ ಹಾಕಿಸಿದ್ರಂತೆ? ಅಯ್ಯ! ಇದೇನ್ರೀ, ಕನ್ನಡಿ ಹಾಗೆ ಇರುತ್ತೆ ಅಂದಿದ್ರಿ, ಹೊಳಪೆಲ್ಲಿ?”

ಶಿವಲೀಲಮ್ಮ ಕತ್ತು ನೆಟ್ಟಗೆ ಮಾಡಿದಳು. ಬಿ.ಎ. ಓದಿದವಳು ಸೋತೆ ಅಂತ ಹೇಳುತ್ತಾಳೆಯೇ? “ಹೊಳಪು ಕೆಳಗಿದೆ ಗಿರಿಜಾ.”

“ಕೆಳಗೆ ಇದ್ದರೆ ನಮಗೆ ಕಾಣೋದು ಹೇಗೆ? ಸ್ವಲ್ಪ ತೋರಿಸಿ ಮತ್ತೆ!”

ತಿಪ್ಪೇಶ ಆಗಲೇ ಓಬಣ್ಣನ ಹಾರೆ ತಂದಿದ್ದ. “ತೋರಿಸ್ತೀನಿ ಅಕ್ಕಾ, ಸ್ವಲ್ಪ ಸರೀರಿ!”

“ಬೇಡ್ವೋ!” ಅಂತ ಶಿವಲೀಲಮ್ಮ ಕಿರುಚಿದಳು. ಹಾಲಮ್ಮಜ್ಜಿ ಹಾರೆಯ ತುದಿಗೇ ಬಂದು ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಳು.

“ಲೋ! ಮೊದಲು ನನ್ನ ಎತ್ತಿ ಬೀದಿಗೆ ಹಾಕು, ಆಮೇಲೆ ಇದನ್ನ ಎತ್ತು!”

“ಆಗಲಜ್ಜಿ!” ಅಂದ ತಿಪ್ಪೇಶ. ಹಾರೆ ಕೆಳಗಿಟ್ಟ. ಅಜ್ಜಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡ. ಹೊಸ್ತಿಲು ದಾಟಿದ, ಜಗಲಿ ಇಳಿದ, ಬೀದಿಯ ನಟ್ಟನಡುವೆ ಮೆಲ್ಲಗೆ ಕೂರಿಸಿ, ಕೋಲನ್ನೂ ಕೈಗೆ ಕೊಟ್ಟು ಒಳಗೆ ಓಡಿದ.

ಬೀದಿಯಲ್ಲಿ ಆ ಕಡೆಯಿಂದ ಒಂದು ಟ್ರ್ಯಾಕ್ಟರು, ಈ ಕಡೆಯಿಂದ ಎರಡು ಆಟೋ ಬಂದು ನಿಂತು ಹಾರ್ನ್ ಒತ್ತತೊಡಗಿದವು. ಹಾಲಮ್ಮಜ್ಜಿ ಕೋಲು ಬೀಸುತ್ತಾ ಬೈಯುತ್ತಿದ್ದಳು. ಮನೆಯೊಳಗಿನಿಂದ ಶಿವಲೀಲಮ್ಮನ ಕೂಗು, ಅದರ ಹಿಂದೆಯೇ ಠಣ್, ಠಣ್, ಠಣ್!