ಪೇಟೆ ಬೀದಿಗೆ ಜಾಗ ಬಂದದ್ದು

ನಮ್ಮೂರ ಪೇಟೆ ಬೆಳೆದದ್ದೇ ಬೆಳೆದದ್ದು, ಗಿರಾಕಿಗಳಿಗೆ ಗಾಡಿ ನಿಲ್ಲಿಸಲು ಜಾಗವೇ ಇಲ್ಲದಾಯಿತು. ಪುರಸಭೆ ಅಧ್ಯಕ್ಷ ಪುಟ್ಟಮಾದಪ್ಪನವರು ಅಂಗಡಿ ಮಾಲೀಕರನ್ನು ಪೇಟೆ ಬೀದಿಯ ಛತ್ರಕ್ಕೆ ಕರೆದು ಅಪ್ಪಣೆ ಕೊಡಿಸಿದರು: "ಹೂವಿನವರ ಕಟ್ಟೆ ಒಡೆದು ಪಾರ್ಕಿಂಗ್ ಕಟ್ಟೋಣ. ಖರ್ಚಿಗೆ ಸಂತೆ ಸುಂಕ ಏರಿಸೋಣ." ಮಾಲೀಕರು ಚಪ್ಪಾಳೆ ತಟ್ಟಿದರು.

ಆ ಕಟ್ಟೆಯಲ್ಲೇ ಹೂ ಮಾರುವ ನಿಂಗಾಜಮ್ಮ ಬಾಗಿಲಿಂದ ಕೂಗಿದಳು: "ಅಯ್ಯೋ ಬುದ್ಧಿ, ಗಾಡಿ ಎತ್ಕಂಡೋಗೋ ಪೊಲೀಸ್ ಲಾರಿ ಬತ್ತಾ ಅದೆ!"

ಕ್ಷಣದಲ್ಲಿ ಸಭೆ ಖಾಲಿ. ಅಧ್ಯಕ್ಷರೇ ಎಲ್ಲರಿಗಿಂತ ಮುಂದೆ. ಅದೇ ಬೀದಿಯಲ್ಲಿ ಅವರದೂ ಒಂದು ಜವಳಿ ಅಂಗಡಿ ಇತ್ತಲ್ಲ! ಬೆಳಗಿನಿಂದ ಅಂಗಡಿ ಮುಂದೆಯೇ ನಿಲ್ಲಿಸಿದ್ದ ತಮ್ಮ ತಮ್ಮ ಕಾರು, ಸ್ಕೂಟರುಗಳನ್ನು ಕೆರೆ ಪಕ್ಕದ ಬಯಲಲ್ಲಿ ಬಿಟ್ಟು, ಎಲ್ಲರೂ ಏದುಸಿರು ಬಿಡುತ್ತ ನಡೆದು ಬಂದರು.

"ಎಲ್ಲಮ್ಮಾ ಲಾರಿ?" ಅಧ್ಯಕ್ಷರು ಗದರಿದರು.

ನಿಂಗಾಜಮ್ಮ ಬೀದಿಯತ್ತ ಕೈ ತೋರಿದಳು. ಈ ತುದಿಯಿಂದ ಆ ತುದಿಯವರೆಗೆ ಬೀದಿ ಖಾಲಿ ಬಿದ್ದಿತ್ತು.

"ಲಾರಿ ಬರ್ನಿಲ್ಲ ಬುದ್ಧಿ. ಜಾಗ ಬಂತು."